ಹೊಕ್ಕುಳಲ್ಲಿ ಹುಟ್ಟಿ ಬಲಕ್ಕೆ ಸರಿಯುವ ನೋವು: ಉದರದ ಒಳಪೊರೆಯ ಕಥೆ

ರಾಮನಗರ: ಹೊಕ್ಕುಳ ಸುತ್ತ ನೋವು ಕಾಣಿಸಿಕೊಂಡೊಡನೆ ‘ಬಟ್ಟಿ ಜಾರಿದೆ’ ಎಂದು ಹೊಟ್ಟೆ ನೀವಿಸುವ, ಹರಳೆಣ್ಣೆ ಕುಡಿಸುವ ರೂಢಿ ನಮ್ಮಲ್ಲಿ ಇನ್ನೂ ಉಂಟು. ಆದರೆ ಅದೇ ನೋವು ಕೆಲವು ಗಂಟೆಗಳಲ್ಲಿ ಕಿಬ್ಬೊಟ್ಟೆಯ ಬಲಭಾಗಕ್ಕೆ ಸರಿದರೆ ಅದು ಅಪೆಂಡಿಕ್ಸ್‌ನ ಉರಿಯೂತವಾಗಿರಬಹುದು. ನೋವು ಹೀಗೆ ಸ್ಥಳ ಬದಲಿಸುವುದೇಕೆ ಎಂಬುದಕ್ಕೆ ಉತ್ತರ ಉದರಕುಹರದ ರಚನೆಯಲ್ಲಿದೆ.

ರಚನೆ: ಉದರಕುಹರವು ಮೇಲೆ ವಪೆಯಿಂದ ಕೆಳಗೆ ಸೊಂಟದ ಎಲುಬುಗಳವರೆಗೆ ಹರಡಿದೆ. ಇದರ ಒಳಮೈಯನ್ನು ಆವರಿಸಿರುವ ರೇಷ್ಮೆಯಂತೆ ನಯವಾದ ತೆಳುಪೊರೆಗೆ ಪೆರಿಟೋನಿಯಂ ಎಂದು ಹೆಸರು. ಹೊಟ್ಟೆಯ ಗೋಡೆಗೆ ಅಂಟಿಕೊಂಡಿರುವುದು ಹೊರಪದರ. ಅದೇ ಪೊರೆ ಒಳಕ್ಕೆ ಮಡಿಚಿಕೊಂಡು ಜಠರ, ಕರುಳುಗಳನ್ನು ಸುತ್ತಿರುವುದು ಒಳಪದರ. ಇವೆರಡರ ನಡುವಿನ ಅಲ್ಪ ದ್ರವದಿಂದಾಗಿ ಅಂಗಗಳು ಒಂದಕ್ಕೊಂದು ಉಜ್ಜದೆ ಜಾರುತ್ತವೆ. ಮೂತ್ರಪಿಂಡಗಳು ಈ ಪೊರೆಯ ಹಿಂಭಾಗದಲ್ಲಿರುತ್ತವೆ. ಮಡಿಕೆಗಳನ್ನೆಲ್ಲ ಬಿಡಿಸಿ ಹರಡಿದರೆ ಪೊರೆಯ ವಿಸ್ತೀರ್ಣ ಹೆಚ್ಚುಕಡಿಮೆ ಮೈಚರ್ಮದಷ್ಟಾಗುತ್ತದೆ.

ಬೆಳವಣಿಗೆ: ಗರ್ಭದ 3 ಮತ್ತು 4ನೇ ವಾರಗಳಲ್ಲಿ ಭ್ರೂಣದ ಮಧ್ಯಪದರವು ಎರಡಾಗಿ ಸೀಳುತ್ತದೆ. ನಡುವೆ ಉಂಟಾಗುವ ತೆರಪೇ ಮುಂದೆ ಎದೆ ಮತ್ತು ಹೊಟ್ಟೆಯ ಕುಹರಗಳಾಗಿ ಬೇರ್ಪಡುತ್ತದೆ. ಸೀಳಿದ ಒಂದು ಭಾಗ ದೇಹದ ಗೋಡೆಯೊಡನೆ, ಇನ್ನೊಂದು ಭಾಗ ಕರುಳಿನೊಡನೆ ಬೆಳೆಯುತ್ತದೆ. 6ನೇ ವಾರದಲ್ಲಿ ಸ್ಥಳ ಸಾಲದೆ ಕರುಳಿನ ಮಧ್ಯಭಾಗವು ಹೊಕ್ಕುಳಬಳ್ಳಿಯೊಳಕ್ಕೆ ಚಾಚಿ, 10ನೇ ವಾರದ ಹೊತ್ತಿಗೆ ಹೊಟ್ಟೆಗೆ ಮರಳುತ್ತದೆ. ಈ ಅವಧಿಯಲ್ಲಿ ಅದು ಒಟ್ಟು 270 ಡಿಗ್ರಿ ತಿರುಗುತ್ತದೆ. ಆದ್ದರಿಂದಲೇ ಅಪೆಂಡಿಕ್ಸ್ ಸಾಮಾನ್ಯವಾಗಿ ಬಲಗಡೆ ಇರುತ್ತದೆ.

ನೋವಿನ ದಾರಿ: ಎರಡು ಪದರಗಳ ಮೂಲ ಬೇರೆಯಾದ್ದರಿಂದ ಅವುಗಳ ನರಗಳೂ ಬೇರೆ. ಅಪೆಂಡಿಕ್ಸ್‌ನ ನರಗಳು ಮಿದುಳುಬಳ್ಳಿಯನ್ನು ಸೇರುವ ಮಟ್ಟದಲ್ಲೇ ಹೊಕ್ಕುಳ ಚರ್ಮದ ನರಗಳೂ ಸೇರುತ್ತವೆ. ಹೀಗಾಗಿ ಮೊದಲ ನೋವು ಹೊಕ್ಕುಳಲ್ಲಿ ಮಂದವಾಗಿ ತೋರುತ್ತದೆ. ಉರಿಯೂತ ಹೊರಪದರವನ್ನು ಮುಟ್ಟಿದಾಗ, ಹೊಟ್ಟೆಗೋಡೆಯ ನರಗಳು ಜಾಗವನ್ನು ಖಚಿತವಾಗಿ ತಿಳಿಸುತ್ತವೆ. ನೋವು ಬಲಕ್ಕೆ ಸರಿದು ತೀಕ್ಷ್ಣವಾಗುತ್ತದೆ. ಅಪೆಂಡಿಕ್ಸ್ ಒಡೆದರೆ ಸೋಂಕು ಪೊರೆಯುದ್ದಕ್ಕೂ ಹರಡಿ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಬಹುದು. ಇದು ಪ್ರಾಣಾಪಾಯದ ಸ್ಥಿತಿ.

ಗಮನಿಸಿ: ಮಕ್ಕಳು, ವೃದ್ಧರು ಹಾಗೂ ಗರ್ಭಿಣಿಯರಲ್ಲಿ ನೋವು ಇದೇ ಕ್ರಮದಲ್ಲಿ ಬರಬೇಕೆಂದಿಲ್ಲ. ಹೆಚ್ಚುತ್ತಿರುವ ಹೊಟ್ಟೆನೋವಿನ ಜೊತೆಗೆ ವಾಂತಿ, ಜ್ವರವಿದ್ದರೆ ನೀವಿಸುವುದೂ ಭೇದಿಗೆ ಕೊಡುವುದೂ ಸಲ್ಲದು. ಚನ್ನಪಟ್ಟಣ, ಕನಕಪುರ, ಮಾಗಡಿಗಳ ತಾಲ್ಲೂಕು ಆಸ್ಪತ್ರೆಗೆ ಇಲ್ಲವೇ ರಾಮನಗರದ ಜಿಲ್ಲಾಸ್ಪತ್ರೆಗೆ ತಡಮಾಡದೆ ತೆರಳಬೇಕು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬಹುದು.