ಪಿಯಾನೊ ಸಂಗೀತದಲ್ಲಿ ಸ್ವರಶ್ರೇಣಿ ಪದ್ಧತಿ

ಸಪ್ತಕದ ಹನ್ನೆರಡು ಸ್ವರಸ್ಥಾನಗಳನ್ನು ಒಂದು ನಿಶ್ಚಿತ ಅನುಕ್ರಮದಲ್ಲಿ ಪೋಣಿಸಿ, ಅದರಿಂದಲೇ ಇಡೀ ಕೃತಿಯನ್ನು ಕಟ್ಟುವ ವಿಧಾನವೇ ಸೀರಿಯಲಿಸಂ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಭಜನಾ ಮೇಳದ ಪೇಟಿಯಲ್ಲೂ ಸಪ್ತಕಕ್ಕೆ ಹನ್ನೆರಡೇ ಮನೆ. ಆದರೆ ಅಲ್ಲಿ ಮೊದಲು ಷಡ್ಜ ನಿಲ್ಲಬೇಕು, ಮಿಕ್ಕ ಸ್ವರಗಳ ಬೆಲೆ ಅದರಿಂದ ತಿಳಿಯುತ್ತದೆ. ಆ ಆಧಾರವನ್ನೇ ಕಿತ್ತು, ಅನುಕ್ರಮವನ್ನು ಅದರ ಜಾಗದಲ್ಲಿ ಕೂರಿಸಿದ್ದು ಈ ಪದ್ಧತಿಯ ನಿಜವಾದ ಲಕ್ಷಣ. 13ನೇ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಏಳು ಸ್ವರಗಳ 5,040 ಪ್ರಸ್ತಾರಗಳ ಲೆಕ್ಕವಿದೆಯಲ್ಲ, ಇದೂ ಅದೇ ಅಲ್ಲವೇ ಎನ್ನಬಹುದು. ಅಲ್ಲ. ಪ್ರಸ್ತಾರ ಸಾಧ್ಯತೆಗಳನ್ನೆಲ್ಲ ಎಣಿಸುತ್ತದೆ. ಶ್ರೇಣಿಕಾರನು ಸಾಧ್ಯವಿರುವ 47,90,01,600 ಅನುಕ್ರಮಗಳಲ್ಲಿ ಒಂದನ್ನು ಆರಿಸಿ ಅದಕ್ಕೆ ಕಟ್ಟುಬೀಳುತ್ತಾನೆ.

ಇದೇ ಒರೆಗಲ್ಲಿನಿಂದ ‘ಮೊದಲಿಗ ಯಾರು’ ಎಂಬ ಹಳೆಯ ಜಗಳವನ್ನೂ ಬಿಡಿಸಬಹುದು. ವಿಯೆನ್ನಾದ ಜೋಸೆಫ್ ಮಥಿಯಾಸ್ ಹಾವರ್ 1919ರಲ್ಲೇ ‘ನೋಮೋಸ್’ ಬರೆದ. ತೇದಿಯಷ್ಟನ್ನೇ ನೋಡಿದರೆ ಅವನೇ ಮುಂದೆ. ಆದರೆ ಮುಂದೆ ಅವನು ರೂಪಿಸಿದ 44 ‘ಟ್ರೋಪ್’ಗಳು ಆರಾರು ಸ್ವರಗಳ ಜೋಡಿಗುಂಪುಗಳು, ಗುಂಪಿನೊಳಗೆ ಅನುಕ್ರಮದ ಕಟ್ಟಿಲ್ಲ. ಆರ್ನಾಲ್ಡ್ ಶೋನ್‌ಬರ್ಗ್‌ನ ಪಿಯಾನೊ ಸ್ವೀಟ್ (ಕೃತಿ 25, 1921–23) ಒಂದೇ ಶ್ರೇಣಿಯನ್ನು ನೇರ, ತಿರುಗು, ಬುಡಮೇಲು, ಬುಡಮೇಲಿನ ತಿರುಗು ಎಂದು ನಡೆಸುತ್ತದೆ. ಈ ನಾಲ್ಕೂ ಬಗೆ ಎರಡೆರಡು ಸ್ಥಾನಗಳಲ್ಲಿ ಬಂದು ಆಗುವ ಎಂಟೂ ರೂಪಗಳು ‘ಇ’ ಅಥವಾ ‘ಬಿ ಫ್ಲ್ಯಾಟ್’ನಲ್ಲೇ ಹುಟ್ಟಿ ಅವುಗಳಲ್ಲೇ ಮುಗಿಯುವುದರಿಂದ ಷಡ್ಜ ಹಿಂಬಾಗಿಲಿಂದ ಬಂದಂತಾಯಿತಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಎರಡರ ನಡುವೆ ಇರುವುದು ಸಾ–ತೀವ್ರ ಮಧ್ಯಮದ ಅಂತರ. ಸಪ್ತಕ ಸರಿಯಾಗಿ ಎರಡು ಹೋಳಾಗುವುದರಿಂದ ಯಾವುದೂ ಆಧಾರಶ್ರುತಿಯಾಗಲಾರದು.

ಈ ಪದ್ಧತಿಯ ಮುಂದಿನ ಹಾದಿಯಲ್ಲಿ ರಚನಕಾರ ವೆಬರ್ನ್‌ನ ಪಿಯಾನೊ ‘ವೇರಿಯೇಷನ್ಸ್’ (1936) ಎಲ್ಲರೂ ಬಲ್ಲ ಘಟ್ಟ. ಗೊಂದಲವಿರುವುದು ಅದರ ನಂತರ. ಸ್ವರದ ಜೊತೆಗೆ ಕಾಲ, ಬಲಗಳನ್ನೂ ಶ್ರೇಣಿಗೆ ಒಳಪಡಿಸಿದ ಕೀರ್ತಿ ಮೆಸಿಯಾನ್‌ನ 1949ರ ಪಿಯಾನೊ ಅಭ್ಯಾಸಕೃತಿಗೆ ಸಲ್ಲುವುದು ರೂಢಿ. ಆದರೆ ಅದರಲ್ಲಿರುವ 36 ಸ್ವರ, 24 ಕಾಲಪ್ರಮಾಣ, 12 ಮೀಟು, 7 ಬಲಗಳು ಭಂಡಾರವೇ ಹೊರತು ಅನುಕ್ರಮವಲ್ಲ. ಅದನ್ನು ಶ್ರೇಣಿಯಾಗಿಸಿದವನು ಬೂಲೆಜ್, ‘ಸ್ಟ್ರಕ್ಚರ್ಸ್’ನ ಮೊದಲ ಪುಸ್ತಕದಲ್ಲಿ (1952). ಅಮೆರಿಕದ ಮಿಲ್ಟನ್ ಬ್ಯಾಬಿಟ್ 1947ರ ಮೂರು ಪಿಯಾನೊ ರಚನೆಗಳಲ್ಲೇ ಈ ದಾರಿ ಹಿಡಿದಿದ್ದ.

ಅದೇ 1947ರಲ್ಲಿ ಕನ್ನಡನಾಡಿನ ಹಣ ಎದುರು ಪಕ್ಷದಲ್ಲಿತ್ತು. ಪಿಯಾನೊಪ್ರಿಯರಾದ ಜಯಚಾಮರಾಜ ಒಡೆಯರ್ ನೆರವಿನಿಂದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ತನ್ನ ಕಾನ್ಸರ್ಟೊಗಳನ್ನು ಧ್ವನಿಮುದ್ರಿಸಿದ. ಆಧುನಿಕರ ವಿರುದ್ಧ 1935ರಲ್ಲೇ ಪುಸ್ತಕ ಬರೆದಿದ್ದ ಈತ ಮೂರನೆಯ ಕಾನ್ಸರ್ಟೊವನ್ನು ಅರ್ಪಿಸಿದ್ದು ಮೈಸೂರಿನ ಈ ಮಹಾರಾಜರಿಗೇ.