ಸರಕು ವಾಹನ ಚಾಲಕರ ರಾಸಾಯನಿಕ ಅಪಾಯ

ಮನೆ, ಅಂಗಡಿ, ಹೊಲಗಳಿಗೆ ಸರಕು ತಲುಪಿಸುವ ಚಾಲಕರ ಮೈಗೆ ಉಸಿರು, ಚರ್ಮ ಮತ್ತು ಕಣ್ಣುಗಳ ಮೂಲಕ ರಾಸಾಯನಿಕಗಳು ತಾಗಿ ಉಂಟಾಗುವ ವೃತ್ತಿಸಂಬಂಧಿ ಹಾನಿ. ಇದಕ್ಕೆ ವಾಹನ ಉಗುಳುವ ಹೊಗೆ ಒಂದು ಮೂಲ, ವಾಹನ ಹೊತ್ತ ಹೊರೆ ಇನ್ನೊಂದು.

ಹೊಗೆ: ಎಂಜಿನ್ನಿನ ಬಡಿತ ತಗ್ಗಿಸಲು 1920ರ ದಶಕದಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ನರಮಂಡಲಕ್ಕೆ ವಿಷವಾಗಿದ್ದು, ಭಾರತದಲ್ಲಿ ಅದರ ಬಳಕೆ 2000ದಲ್ಲಿ ನಿಂತಿತು. ಡೀಸೆಲ್ ಹೊಗೆಯನ್ನು 1988ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿದ್ದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, 2012ರಲ್ಲಿ ಅದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ಅಮೆರಿಕದ ಸರಕು ಸಾಗಣೆ ಉದ್ಯಮದ 31,135 ಪುರುಷ ಕಾರ್ಮಿಕರನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವು, ದೂರ ಪ್ರಯಾಣದ ಲಾರಿ ಚಾಲಕರಂತೆಯೇ ಊರೊಳಗೆ ಸರಕು ಹಂಚುವ ಚಾಲಕರಲ್ಲಿಯೂ ಶ್ವಾಸಕೋಶದ ಕ್ಯಾನ್ಸರಿನಿಂದಾಗುವ ಸಾವು ಹೆಚ್ಚೆಂದು ತೋರಿಸಿತು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ಎಂಬ ವಾಹನ ಹೊಗೆಯ ಮಾನದಂಡ ಡೀಸೆಲ್ಲಿನ ಗಂಧಕವನ್ನು ಹತ್ತು ಲಕ್ಷ ಭಾಗಕ್ಕೆ 50ರಿಂದ 10 ಭಾಗಕ್ಕೆ ಇಳಿಸಿದರೂ, ಹಳೆಯ ವಾಹನಗಳು ರಸ್ತೆಯಲ್ಲಿರುವವರೆಗೆ ಅವುಗಳ ಹೊಗೆಯೂ ಉಳಿಯುತ್ತದೆ.

ಹೊರೆ: 1984ರ ಭೋಪಾಲ್ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಪಾಯಕಾರಿ ಸರಕಿನ ವಾಹನಗಳಿಗೆ ಗುರುತಿನ ಫಲಕವನ್ನೂ ಅವುಗಳ ಚಾಲಕರಿಗೆ ವಿಶೇಷ ತರಬೇತಿಯನ್ನೂ ಕಡ್ಡಾಯಗೊಳಿಸಿದವು. ಟ್ಯಾಂಕರಿನ ಮೈಮೇಲೆ ಎದ್ದು ಕಾಣುವ ಈ ಎಚ್ಚರಿಕೆ, ಹಲವು ಬಗೆಯ ಸಾಮಾನು ತುಂಬಿಕೊಂಡ ಪುಟ್ಟ ಗೂಡ್ಸ್ ವಾಹನದಲ್ಲಿ ಮೂಟೆ, ಡಬ್ಬಿಗಳ ನಡುವೆ ಮರೆಯಾಗಿಬಿಡುತ್ತದೆ.

ಸ್ಥಳೀಯ ಸ್ವರೂಪ: ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯಂಥ ರೇಷ್ಮೆ ಸೀಮೆಯಲ್ಲಿ ಹೊರೆಯೊಳಗೆ ಮರೆಯಾಗುವ ಈ ಅಪಾಯ ಚೆನ್ನಾಗಿ ಮನದಟ್ಟಾಗುತ್ತದೆ. ಒಂದು ಬೆಳೆ ಮುಗಿದು ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಬರುವ ಮೊದಲು ಹುಳುಮನೆಯನ್ನು ಸೋಂಕು ಕಳೆದು ಶುದ್ಧಗೊಳಿಸಬೇಕು. ಇದಕ್ಕೆ ಬಳಸುವ ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿರುವ ನೀರು, ಮತ್ತು ಬ್ಲೀಚಿಂಗ್ ಪುಡಿ ಎರಡೂ ಪೇಟೆಯಿಂದ ವಾಹನದಲ್ಲೇ ಬರಬೇಕು. ಫಾರ್ಮಲಿನ್ ಕ್ಯಾನಿನ ಮುಚ್ಚಳ ಸಡಿಲವಾಗಿದ್ದು, ಅದನ್ನು ಚಾಲಕ ಕಾಲಬುಡದಲ್ಲಿ ಇಟ್ಟುಕೊಂಡು ಮಳೆಗೆ ಗಾಜು ಏರಿಸಿದರೆ, ಊರು ಮುಟ್ಟುವ ಮೊದಲೇ ಕಣ್ಣು ಉರಿದು ನೀರೂರುತ್ತದೆ, ಗಂಟಲು ಕೆರೆಯುತ್ತದೆ. ಫಾರ್ಮಾಲ್ಡಿಹೈಡ್ ಕೂಡ ಖಚಿತ ಕ್ಯಾನ್ಸರ್‌ಕಾರಕವೇ. ಬ್ಲೀಚಿಂಗ್ ಪುಡಿಗೆ ಆಮ್ಲ ತಗುಲಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ. ಹುಳುಮನೆಯಲ್ಲಿ ಸಿಂಪಡಿಸುವವರಿಗೆ ಮುಖಗವಸು, ಕೈಗವಸು ಧರಿಸಲು ಹೇಳಲಾಗುತ್ತದೆ. ಅದೇ ಕ್ಯಾನನ್ನು ಅಲ್ಲಿಯವರೆಗೆ ಹೊತ್ತು ತಂದ ಚಾಲಕನಿಗೂ ಆ ರಕ್ಷಣೆ ಸಲ್ಲಬೇಕು.

ರಕ್ಷಣೆ: ಹೊಗೆಯ ನಿಯಮಗಳು ನಗರದ ಗಾಳಿಗಾಗಿ, ಹೊರೆಯ ನಿಯಮಗಳು ಬಹುಪಾಲು ದಾರಿಯ ಅಪಘಾತ ತಡೆಯಲು ಹುಟ್ಟಿದವು, ಎರಡಕ್ಕೂ ಎಲ್ಲರಿಗಿಂತ ಹತ್ತಿರವಿರುವ ಚಾಲಕನ ದಿನನಿತ್ಯದ ಉಸಿರು ಕೊನೆಯಲ್ಲಿ ಲೆಕ್ಕಕ್ಕೆ ಬಂತು. ಆ್ಯಪ್ ಆಧಾರಿತ ವಿತರಣಾ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ಸಾಮಾಜಿಕ ಭದ್ರತೆಯ ಕಾಯಿದೆ ತಂದು ಕಲ್ಯಾಣ ಮಂಡಳಿಗೆ ಅವಕಾಶ ಕಲ್ಪಿಸಿದ್ದು ಮುಖ್ಯ ಹೆಜ್ಜೆಯಾದರೂ, ಆ್ಯಪ್ ಇಲ್ಲದೆ ದುಡಿಯುವ ಹಳ್ಳಿಯ ಗೂಡ್ಸ್ ಚಾಲಕ ಅದರ ಹೊರಗಿದ್ದಾನೆ. ಡಬ್ಬಿಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ, ರಾಸಾಯನಿಕವನ್ನು ಚಾಲಕನ ಕೋಣೆಯಲ್ಲಿಡದೆ ಹಿಂಬದಿಯಲ್ಲಿ ನೆಟ್ಟಗೆ ಕಟ್ಟುವುದು, ಸರಕು ಇಳಿಸುವಾಗ ಎಂಜಿನ್ ಆರಿಸುವುದು, ಒಂದು ಜೊತೆ ಕೈಗವಸು: ಇವಿಷ್ಟಕ್ಕೆ ಹೆಚ್ಚು ಖರ್ಚಿಲ್ಲ. ತಾನು ಹೊತ್ತಿರುವುದು ಏನೆಂದು ತಿಳಿಯುವುದು ಚಾಲಕನ ಮೊದಲ ಹಕ್ಕು. ಅದನ್ನು ತಿಳಿಸುವುದು ಸರಕು ಕಳಿಸುವವರ ಹೊಣೆ.