ಬೆಳ್ಳಗಿರುವುದೆಲ್ಲ ಹಾಲಲ್ಲ: ಸೇಲಂ ಸಬ್ಬಕ್ಕಿಯ ಚರಿತ್ರೆ



ಹಬ್ಬ ಹತ್ತಿರ ಬಂತು, ಪಾಯಸಕ್ಕೆ ಸಬ್ಬಕ್ಕಿ ಬೇಕು. ಅಂಗಡಿಗೆ ಹೋಗಿ ನಾವು ಏನೆಂದು ಕೇಳುತ್ತೇವೆ? "ಅಣ್ಣಾ, ಅರ್ಧ ಕಿಲೋ ಸಬ್ಬಕ್ಕಿ ಕೊಡಿ, ಬೆಳ್ಳಗಿರೋದು ಕೊಡಿ." ಅಂಗಡಿಯವರು ಎರಡು ಡಬ್ಬ ತೆರೆದು ತೋರಿಸಿದರೆ ನಮ್ಮ ಕೈ ತಾನಾಗಿಯೇ ಬಿಳಿಯದರ ಕಡೆಗೆ ಹೋಗುತ್ತದೆ. ಸ್ವಲ್ಪ ಮಬ್ಬು ಬಣ್ಣದ್ದು ಹಳೆಯದಿರಬೇಕು, ಕೊಳಕಿರಬೇಕು ಎಂದು ನಮ್ಮ ಎಣಿಕೆ. ನಾವು ಆಡುವ ಈ "ಬೆಳ್ಳಗಿರೋದು" ಎಂಬ ಒಂದು ಮಾತಿಗೆ ಎಂಬತ್ತು ವರ್ಷಗಳ ಚರಿತ್ರೆ ಇದೆ. ಅದು ಬೇರೆಲ್ಲೂ ಅಲ್ಲ, ನಮ್ಮ ಸೇಲಂ ಮತ್ತು ಧರ್ಮಪುರಿ ಸೀಮೆಯಲ್ಲೇ ನಡೆದ ಚರಿತ್ರೆ.

ಮೊದಲು ಹೆಸರಿನ ವಿಚಾರ. ಕನ್ನಡದಲ್ಲಿ ನಾವು ಸಬ್ಬಕ್ಕಿ ಎನ್ನುತ್ತೇವೆ, ಕೆಲವು ಕಡೆ ಸೀಮೆಅಕ್ಕಿ ಎಂದೂ ಹೇಳುತ್ತಾರೆ. ಪಕ್ಕದ ಮನೆಯ ತಮಿಳಿನವರು ಜವ್ವರಿಸಿ ಎನ್ನುತ್ತಾರೆ. ಜಾವಾ ದೇಶದಿಂದ ಬಂದ ಅರಿಸಿ, ಅಂದರೆ ಅಕ್ಕಿ, ಆದ್ದರಿಂದ ಜವ್ವರಿಸಿ ಎಂದು ಅದಕ್ಕೆ ಅರ್ಥ ಹೇಳುವುದುಂಟು. ಎರಡು ಭಾಷೆಯ ಹೆಸರಿನಲ್ಲೂ ಅಕ್ಕಿ ಇದೆ. ಆದರೆ ಅದು ಅಕ್ಕಿಯಲ್ಲ. ಹಿಂದೆ ಮಲಯ ಮತ್ತು ಜಾವಾ ದ್ವೀಪಗಳ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದದ್ದು ಸೇಗೋ ಎಂಬ ಒಂದು ಜಾತಿಯ ತಾಳೆಮರದ ತಿರುಳಿನಿಂದ ತೆಗೆದ ಹಿಟ್ಟಿನ ಕಾಳು. ಇಂದು ನಾವು ತಿನ್ನುವುದು ಮರಗೆಣಸಿನ ಹಾಲಿನಿಂದ ಮಾಡಿದ ಕಾಳು. ಮರದಿಂದ ಗೆಡ್ಡೆಗೆ ಬಂದದ್ದು ಹೇಗೆ ಎಂಬುದೇ ನಮ್ಮ ಕಥೆಯ ಆರಂಭ.

ಮರಗೆಣಸೂ ಈ ನಾಡಿನದಲ್ಲ. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಮೂಲಕ ಅದು ಕೇರಳದ ಕರಾವಳಿಗೆ ಬಂತು. ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವಿಗೆ ಇದು ಒದಗುತ್ತದೆಂದು ಅದರ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟರು. ಕಡಿಮೆ ನೀರು, ಸಾಧಾರಣ ಮಣ್ಣು ಸಾಕು. ಒಣ ಭೂಮಿಯ ನಮ್ಮ ಕಡೆಯ ರೈತನಿಗೂ ಅದು ಒಗ್ಗಿತು.

ಎರಡನೆಯ ಮಹಾಯುದ್ಧ ಬಂತು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾಯಿತು. ಅದೇ ವರ್ಷ ಬರ್ಮಾ ಕೂಡ ಹೋಯಿತು. ಬರ್ಮಾದ ಅಕ್ಕಿ ನಿಂತಿತು, ಮಲಯದ ಸಬ್ಬಕ್ಕಿಯೂ ನಿಂತಿತು, ನೂಲಿಗೆ ಗಂಜಿ ಹಾಕಲು ಬಟ್ಟೆ ಗಿರಣಿಗಳಿಗೆ ಬೇಕಾದ ಪಿಷ್ಟದ ಹಿಟ್ಟೂ ಸಿಗದಾಯಿತು. ಆಗ 1943ರ ಸುಮಾರಿಗೆ ಸೇಲಂನ ಮಾಣಿಕ್ಕಂ ಚೆಟ್ಟಿಯಾರ್ ಎಂಬ ವ್ಯಾಪಾರಿ, ಮಲಯದಲ್ಲಿದ್ದು ಈ ಕೆಲಸ ಬಲ್ಲ ಪೋಪಟ್‌ಲಾಲ್ ಷಾ ಎಂಬವರ ಜೊತೆ ಸೇರಿ, ಮರಗೆಣಸಿನಿಂದ ಹಿಟ್ಟು ಮತ್ತು ಸಬ್ಬಕ್ಕಿ ಮಾಡಲು ತೊಡಗಿದರು ಎಂದು ಈ ಉದ್ಯಮದವರು ತಮ್ಮ ಚರಿತ್ರೆ ಹೇಳುತ್ತಾರೆ. ಆಗಿನ ಸೇಲಂ ಜಿಲ್ಲೆ ದೊಡ್ಡದು. 1965ರಲ್ಲಿ ಧರ್ಮಪುರಿ, 1997ರಲ್ಲಿ ನಾಮಕ್ಕಲ್ ಬೇರೆಯಾದವು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಇವೆಲ್ಲ ಅಂದು ಒಂದೇ ಜಿಲ್ಲೆ. ಗೆಣಸಿನ ಹೊಲಗಳು ಆತೂರು, ರಾಸಿಪುರ, ಹರೂರು, ಪಾಪಿರೆಡ್ಡಿಪಟ್ಟಿ ಕಡೆಗೆಲ್ಲ ಹಬ್ಬಿದವು. ಯುದ್ಧ ಮುಗಿದರೂ ಉದ್ಯಮ ಉಳಿಯಿತು.

ಸಬ್ಬಕ್ಕಿ ಮಾಡುವ ಬಗೆ ತಿಳಿದರೆ ಅದರ ಬಣ್ಣದ ಗುಟ್ಟೂ ತಿಳಿಯುತ್ತದೆ. ಗೆಣಸಿಗೆ ಮೇಲೊಂದು ತೆಳುವಾದ ಕಂದು ಸಿಪ್ಪೆ, ಅದರ ಕೆಳಗೆ ದಪ್ಪನೆಯ ಒಳಸಿಪ್ಪೆ. ಎರಡನ್ನೂ ತೆಗೆದು, ತೊಳೆದು, ತುರಿದು ಅರೆಯಬೇಕು. ಆ ಹಾಲನ್ನು ಸೋಸಿ ತೊಟ್ಟಿಯಲ್ಲಿ ಕೆಲವು ಗಂಟೆ ಬಿಟ್ಟರೆ ಹಿಟ್ಟು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಸೋಸಿ ಉಳಿದ ನಾರಿಗೆ ಇಲ್ಲಿ ತಿಪ್ಪಿ ಎನ್ನುತ್ತಾರೆ, ಅದು ದನದ ಮೇವಿಗೆ ಹೋಗುತ್ತದೆ. ಹಸಿ ಹಿಟ್ಟನ್ನು ಪುಡಿಮಾಡಿ ಆಡಿಸಿದರೆ ಕಾಳು ಕಟ್ಟುತ್ತದೆ. ಮೊದಲ ದಿನಗಳಲ್ಲಿ ಬಟ್ಟೆಯ ಜೋಲಿಯಲ್ಲಿ ಹಾಕಿ ಕೈಯಿಂದಲೇ ಆಡಿಸುತ್ತಿದ್ದರು, ಆಮೇಲೆ ಯಂತ್ರ ಬಂತು. ಕಾಳನ್ನು ಜರಡಿ ಹಿಡಿದು, ಕೊಬ್ಬರಿ ಎಣ್ಣೆ ಸವರಿದ ಬಿಸಿ ತಟ್ಟೆಯ ಮೇಲೆ ಹುರಿದು, ಸಿಮೆಂಟು ಕಣದಲ್ಲಿ ಬಿಸಿಲಿಗೆ ಹರಡುತ್ತಾರೆ. ಸುಮಾರು ಐದು ಕಿಲೋ ಗೆಣಸಿಗೆ ಒಂದು ಕಿಲೋ ಸಬ್ಬಕ್ಕಿ ಎಂಬುದು ಲೆಕ್ಕ.

ಹೊಸದಾಗಿ ಕಿತ್ತ ಗೆಣಸನ್ನು ಒಂದೆರಡು ದಿನದೊಳಗೆ ಅರೆದು, ಒಳಸಿಪ್ಪೆಯನ್ನೂ ಪೂರ್ತಿ ತೆಗೆದು, ಒಳ್ಳೆಯ ನೀರಿನಲ್ಲಿ ತೊಳೆದರೆ ಕಾಳು ತಾನಾಗಿಯೇ ಸಾಕಷ್ಟು ಬಿಳುಪಾಗಿರುತ್ತದೆ. ಆದರೆ ಸಿಪ್ಪೆ ತೆಗೆಯುವುದು ಕೈಕೆಲಸ, ಅದಕ್ಕೆ ಕೂಲಿ ಬೇಕು, ಹೊತ್ತು ಬೇಕು. ಕಿತ್ತ ಗೆಣಸು ಲಾರಿಯಲ್ಲಿ, ಅಂಗಳದಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಒಳಗೆ ಕಪ್ಪು ಗೆರೆ ಮೂಡುತ್ತದೆ. ಸಿಪ್ಪೆಯ ಸಮೇತ ಅರೆದರೆ ಹಾಲು ಕಂದಾಗುತ್ತದೆ. ಇನ್ನೊಂದು ಸಂಗತಿ. ಮರಗೆಣಸಿನಲ್ಲಿ ಸಯನೈಡ್ ಎಂಬ ವಿಷವನ್ನು ಬಿಡುವ ಒಂದು ವಸ್ತು ಹುಟ್ಟಿನಿಂದಲೇ ಇದೆ, ಸಿಪ್ಪೆಯಲ್ಲಿ ಅದು ಹೆಚ್ಚು. ಅರೆದು, ತೊಳೆದು, ಬಿಸಿಮಾಡಿದಾಗ ಅದು ಹೋಗುತ್ತದೆ. ನಮ್ಮ ಅಜ್ಜಿಯರು ಗೆಣಸಿನ ಸಿಪ್ಪೆ ಸುಲಿದು, ಬೇಯಿಸಿ, ನೀರು ಬಸಿದು ಕೊಡುತ್ತಿದ್ದದ್ದು ಸುಮ್ಮನೆ ಅಲ್ಲ. ಸಿಪ್ಪೆ ತೆಗೆಯುವುದು ಚೆಂದಕ್ಕಾಗಿ ಮಾತ್ರವಲ್ಲ, ಕ್ಷೇಮಕ್ಕಾಗಿಯೂ ಹೌದು.

ಹಾಗಾದರೆ ಮಬ್ಬಾದ ಹಾಲನ್ನು ಬೆಳ್ಳಗೆ ಮಾಡುವ ಅಡ್ಡದಾರಿ ಏಕೆ ಬಂತು? ದೂರದಿಂದ ಬಂತು. ಸೇಲಂನ ಸಬ್ಬಕ್ಕಿಯ ದೊಡ್ಡ ಗಿರಾಕಿ ನಾವಲ್ಲ. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶ, ಬಂಗಾಳದವರು. ಅಲ್ಲಿ ಏಕಾದಶಿ, ನವರಾತ್ರಿಯ ಉಪವಾಸಕ್ಕೆ ಅಕ್ಕಿ ಗೋಧಿ ಬಿಟ್ಟು ಸಾಬುದಾಣೆಯ ಖಿಚಡಿ ತಿನ್ನುತ್ತಾರೆ. ಮಾಡುವವನು ಆತೂರಿನಲ್ಲಿ, ತಿನ್ನುವವಳು ಪುಣೆಯಲ್ಲಿ. ನಡುವೆ ನಾಲ್ಕಾರು ಕೈ. ಇಷ್ಟು ದೂರದಲ್ಲಿ ಸರಕಿನ ಗುಣವನ್ನು ಅಳೆಯುವುದು ಹೇಗೆ? ಕಣ್ಣಿಗೆ ಕಾಣುವುದು ಬಣ್ಣ ಒಂದೇ. ಬೆಳ್ಳಗಿದ್ದರೆ ಮೂಟೆಗೆ ಹೆಚ್ಚು ಬೆಲೆ, ಮಬ್ಬಾಗಿದ್ದರೆ ಕಡಿಮೆ. ಬಿಳುಪೇ ಶುದ್ಧಿಯ ಗುರುತಾಯಿತು. ವಿಪರ್ಯಾಸ ನೋಡಿ, ದೇವರ ಹೆಸರಿನಲ್ಲಿ ಮಡಿಯಿಂದ ತಿನ್ನುವ ಆಹಾರಕ್ಕೇ ಬಟ್ಟೆ ಒಗೆಯುವ ಬ್ಲೀಚಿಂಗ್ ದ್ರಾವಣ ಬೆರೆಯುವ ಹಾಗಾಯಿತು. ಕ್ಲೋರಿನ್ ಸೇರಿದ ದ್ರಾವಣ, ಹೈಡ್ರೋಜನ್ ಪೆರಾಕ್ಸೈಡ್, ಆಮ್ಲಗಳು, ಹೀಗೆ ಹಲವು ಬಗೆ.

ಕಾಯಿದೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಮದ್ರಾಸ್ ಪ್ರಾಂತಕ್ಕೆ 1918ರಲ್ಲೇ ಒಂದು ಕಲಬೆರಕೆ ತಡೆ ಕಾಯಿದೆ ಬಂದಿತ್ತು. ಸ್ವಾತಂತ್ರ್ಯದ ನಂತರ ಇಡೀ ದೇಶಕ್ಕೆ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಬಂತು, 1955ರ ಜೂನ್ 1ರಿಂದ ಜಾರಿಯಾಯಿತು. ಅದರ ನಿಯಮಗಳಲ್ಲಿ ಸಬ್ಬಕ್ಕಿಗೂ ಒಂದು ವ್ಯಾಖ್ಯೆ ಸೇರಿತು. ಸೇಗೋ ತಾಳೆಯ ಹಿಟ್ಟಿನಿಂದಾಗಲಿ ಮರಗೆಣಸಿನಿಂದಾಗಲಿ ಮಾಡಿದ ಕಾಳು ಸಬ್ಬಕ್ಕಿ, ಬೂದಿ ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಅಳತೆ ಕಟ್ಟಿದರು. ನಮ್ಮ ಸೇಲಂ ಗೆಣಸಿನ ಕಾಳಿಗೆ ಕಾಯಿದೆಯ ಪುಟದಲ್ಲಿ ಹೀಗೆ ಜಾಗ ಸಿಕ್ಕಿತು.

ಆದರೆ ಕಾಗದದ ಕಾಯಿದೆ ಬೇರೆ, ಕಣದ ಕೆಲಸ ಬೇರೆ. ಆಹಾರ ನಿರೀಕ್ಷಕರು ಸಾಮಾನ್ಯವಾಗಿ ಮಾದರಿ ತೆಗೆಯುತ್ತಿದ್ದದ್ದು ಅಂಗಡಿಯಲ್ಲಿ. ಮಾದರಿಯನ್ನು ಮೂರು ಪಾಲು ಮಾಡಿ, ಮೊಹರು ಹಾಕಿ, ಒಂದನ್ನು ಸರ್ಕಾರಿ ವಿಶ್ಲೇಷಕರಿಗೆ ಕಳಿಸಬೇಕು. ವರದಿ ಬಂದ ಮೇಲೆ ಮೊಕದ್ದಮೆ. ಅಂಗಡಿಯವನು "ಸಗಟು ವ್ಯಾಪಾರಿ ಬರೆದುಕೊಟ್ಟ ಖಾತರಿಯ ಮೇಲೆ ಕೊಂಡೆ" ಎನ್ನುತ್ತಾನೆ. ಅಷ್ಟರಲ್ಲಿ ಮಾಡಿದವನ ತೊಟ್ಟಿಯಲ್ಲಿ ನೂರಾರು ಸಲ ಹಾಲು ತುಂಬಿ ಖಾಲಿಯಾಗಿರುತ್ತದೆ. ಪೆರಾಕ್ಸೈಡ್ ತನ್ನ ಕೆಲಸ ಮುಗಿಸಿ ನೀರು ಮತ್ತು ಆಮ್ಲಜನಕವಾಗಿ ಒಡೆದು ಹೋಗುತ್ತದೆ. ಕಳ್ಳ ಹೋದ ಮೇಲೆ ಮನೆಗೆ ಬೀಗ ಹಾಕಿದಂತೆ. ತಪ್ಪನ್ನು ಹಿಡಿಯಬೇಕಾದರೆ ತೊಟ್ಟಿಯ ಬಳಿಯೇ ಹಿಡಿಯಬೇಕು.

ಮಾರಾಟದ ಕಷ್ಟವನ್ನು ನೀಗಲು 1981ರಲ್ಲಿ ಸೇಲಂನಲ್ಲಿ ತಯಾರಕರ ಸಹಕಾರ ಸಂಘ ನೋಂದಣಿಯಾಯಿತು. ಅದೇ ಸೇಗೋಸರ್ವ್. 1982ರಲ್ಲಿ ಕೆಲಸ ಶುರುವಾಯಿತು. ಅದಕ್ಕೆ ಮುಂಚೆ ಸಣ್ಣ ತಯಾರಕರು ಮಧ್ಯವರ್ತಿಗಳು ಕೊಟ್ಟ ಮುಂಗಡದಲ್ಲೇ ಬದುಕಬೇಕಿತ್ತು, ಅವರು ಹೇಳಿದ್ದೇ ಬೆಲೆ. ಸಂಘದ ಗೋದಾಮು ಬಂತು, ಅಲ್ಲಿಟ್ಟ ಮೂಟೆಯ ಮೇಲೆ ಸಾಲ ಬಂತು, ಟೆಂಡರಿನ ಮೂಲಕ ಮಾರಾಟ ಬಂತು, ಪರೀಕ್ಷೆಯ ವ್ಯವಸ್ಥೆಯೂ ಬಂತು. ಇದು ದೊಡ್ಡ ಹೆಜ್ಜೆ. ಆದರೂ ಎಲ್ಲ ಸರಕೂ ಸಂಘದ ಬಾಗಿಲಿನಿಂದಲೇ ಹೋಗುವುದಿಲ್ಲ, ಹೊರಗಿನ ಮಾರಾಟವೂ ಇದೆ. ಬಿಳುಪಿಗೆ ಹೆಚ್ಚು ಬೆಲೆ ಎಂಬ ಮಾರುಕಟ್ಟೆಯ ರೂಢಿಯೂ ಬದಲಾಗಲಿಲ್ಲ.

ಅನಂತರ ಎರಡನೆಯ ಕಲಬೆರಕೆ ಬಂತು, ಮೆಕ್ಕೆಜೋಳದ ಹಿಟ್ಟು. ಮೆಕ್ಕೆಜೋಳದ ಪಿಷ್ಟ ವಿಷವಲ್ಲ, ನಾವು ಬೇರೆ ತಿಂಡಿಗಳಲ್ಲಿ ತಿನ್ನುತ್ತೇವೆ. ಆದರೆ ಅದನ್ನು ಬೆರೆಸಿ ಸಬ್ಬಕ್ಕಿ ಎಂದು ಮಾರಿದರೆ ಅದು ಮೋಸ. ಈ ಮೋಸ ಕಣ್ಣಿಗೆ ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರಗೆಣಸಿನ ಕಣ ದುಂಡಗೆ, ಒಂದು ಬದಿ ಕತ್ತರಿಸಿದ ಹಾಗೆ ಇರುತ್ತದೆ. ಮೆಕ್ಕೆಜೋಳದ ಕಣಕ್ಕೆ ಮೂಲೆಗಳಿರುತ್ತವೆ. ಇಲ್ಲಿ ಮೊದಲ ಪೆಟ್ಟು ಬೀಳುವುದು ತಿನ್ನುವವನಿಗಲ್ಲ, ಬೆಳೆಯುವವನಿಗೆ. ನಮ್ಮ ರೈತನ ಗೆಣಸಿಗೆ ಬೆಲೆ ಕಟ್ಟುವುದು ಅದರಲ್ಲಿರುವ ಪಿಷ್ಟದ ಪಾಯಿಂಟ್ ನೋಡಿ. ಅಗ್ಗದ ಮೆಕ್ಕೆಜೋಳದ ಹಿಟ್ಟು ಕಾರ್ಖಾನೆಗೆ ಬಂದಷ್ಟೂ ಗೆಣಸಿನ ಬೇಡಿಕೆ ತಗ್ಗುತ್ತದೆ. ಹತ್ತು ತಿಂಗಳು ಕಾದು ಕಿತ್ತ ಗೆಣಸನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಈ ಕಾರಣಕ್ಕೇ ಸೇಲಂ, ಧರ್ಮಪುರಿ, ನಾಮಕ್ಕಲ್ಲಿನ ಗೆಣಸು ಬೆಳೆಗಾರರು ಕಲಬೆರಕೆ ನಿಲ್ಲಿಸಿ ಎಂದು ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ಆಹಾರದ ಶುದ್ಧಿ ಪಟ್ಟಣದವರ ಚಿಂತೆ ಎಂದು ತಿಳಿಯಬೇಡಿ. ಅದು ಹೊಲದ ಚಿಂತೆಯೂ ಹೌದು.

2006ರಲ್ಲಿ ಹೊಸ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಆಯಿತು, 2011ರ ಆಗಸ್ಟ್ 5ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಬಂತು. ಕೀಳು ಗುಣಮಟ್ಟಕ್ಕೆ ಐದು ಲಕ್ಷದವರೆಗೆ ದಂಡ, ಪ್ರಾಣಾಪಾಯದ ಆಹಾರಕ್ಕೆ ಸೆರೆಮನೆ. ತಯಾರಕರೂ ಪರವಾನಗಿ ಪಡೆಯಬೇಕು, ಅಧಿಕಾರಿಗಳು ತೊಟ್ಟಿಯ ಬಳಿಗೇ ಹೋಗಿ ನೋಡಬಹುದು. ಅನಂತರದ ವರ್ಷಗಳಲ್ಲಿ ಸೇಲಂ ಕಡೆಯ ಘಟಕಗಳಲ್ಲಿ ತಪಾಸಣೆ ನಡೆದು, ಬಿಳುಪಿಗಾಗಿ ಇಟ್ಟಿದ್ದ ರಾಸಾಯನಿಕಗಳನ್ನೂ ಮೆಕ್ಕೆಜೋಳದ ಹಿಟ್ಟನ್ನೂ ವಶಪಡಿಸಿಕೊಂಡ ಸುದ್ದಿಗಳು ಬಂದವು. 2023ರಲ್ಲಿ ಸೇಲಂ ಜವ್ವರಿಸಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಊರಿನ ಹೆಸರು ಸರಕಿನ ಮೇಲೆ ಏರಿತು. ಇನ್ನು ಆ ಹೆಸರು ಕೆಟ್ಟರೆ ಊರೇ ಕೆಟ್ಟ ಹಾಗೆ. ಪ್ರಾಮಾಣಿಕವಾಗಿ ಸಿಪ್ಪೆ ಸುಲಿಸಿ ಕೆಲಸ ಮಾಡುವ ತಯಾರಕರೂ ಬಹಳ ಮಂದಿ ಇದ್ದಾರೆ. ಅಡ್ಡದಾರಿಯವರು ಮೊದಲು ಸೋಲಿಸುವುದು ಇಂಥವರನ್ನೇ.

ಬೆಲ್ಲದ ಕಥೆಯೂ ಇದೇ. ಕಬ್ಬಿನ ಹಾಲಿನ ನಿಜವಾದ ಬೆಲ್ಲ ಕಂದು ಬಣ್ಣದ್ದು. ಹಳದಿಯಾಗಿ ಹೊಳೆಯಲಿ ಎಂದು ಹೈಡ್ರೋಸ್ ಹಾಕುವುದು, ತೂಕಕ್ಕೆ ಸಕ್ಕರೆ ಬೆರೆಸುವುದು ಓಮಲೂರು ಕಡೆಯಲ್ಲೂ ಕೇಳಿಬಂದಿದೆ, ಅತ್ತ ಮಂಡ್ಯದಲ್ಲೂ ಕೇಳಿಬಂದಿದೆ. ಗಡಿಯ ಎರಡು ಕಡೆಯೂ ರೋಗ ಒಂದೇ.

ನಮ್ಮ ಕೈಯಲ್ಲಿ ಏನಿದೆ? ಒಂದು ಚಮಚದಲ್ಲಿ ನಾಲ್ಕು ಕಾಳು ಹಾಕಿ ಸುಟ್ಟು ನೋಡಿ. ಒಳ್ಳೆಯ ಸಬ್ಬಕ್ಕಿ ಉಬ್ಬಿ ಉರಿಯುತ್ತದೆ, ಬೂದಿ ಹೆಚ್ಚು ಉಳಿಯುವುದಿಲ್ಲ. ಮರಳು, ಬಳಪದ ಪುಡಿ ಇದ್ದರೆ ಬೂದಿ ಉಳಿಯುತ್ತದೆ. ಆದರೆ ಬ್ಲೀಚಿಂಗನ್ನೂ ಮೆಕ್ಕೆಜೋಳವನ್ನೂ ಈ ಪರೀಕ್ಷೆ ಹಿಡಿಯಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು. ಪೊಟ್ಟಣದ ಮೇಲೆ ತಯಾರಕರ ವಿಳಾಸ ಮತ್ತು ಪರವಾನಗಿ ಸಂಖ್ಯೆ ಇದೆಯೇ ನೋಡಿ. ಅನುಮಾನ ಬಂದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿ. ಕನ್ನಡದಲ್ಲಿ ಹೇಳಲು ಸಂಕೋಚವಾದರೆ ತಮಿಳಿನಲ್ಲಿ ಹೇಳಿ. ಎರಡೂ ನಮ್ಮ ಮನೆಯ ಭಾಷೆಗಳೇ ತಾನೆ?

ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಡಿಯಲ್ಲಿ ಆಡುವ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಮನುಷ್ಯರ ವಿಷಯದಲ್ಲಿ. ಸಬ್ಬಕ್ಕಿಯ ವಿಷಯದಲ್ಲೂ ಅದು ನಿಜ. ಬಿಳುಪನ್ನು ಕೇಳಿದವರು ನಾವು, ಅದಕ್ಕೆ ಹೆಚ್ಚು ಕಾಸು ಕೊಟ್ಟವರೂ ನಾವು. ಮುಂದಿನ ಹಬ್ಬಕ್ಕೆ ಅಂಗಡಿಗೆ ಹೋದಾಗ, "ಅಣ್ಣಾ, ಸ್ವಲ್ಪ ಮಬ್ಬಾಗಿದ್ದರೂ ಪರವಾಗಿಲ್ಲ, ಒಳ್ಳೆಯದು ಕೊಡಿ" ಎಂದು ಕೇಳಿ ನೋಡಿ. ಹತ್ತು ಜನ ಹಾಗೆ ಕೇಳಿದರೆ ಅಂಗಡಿಯವರು ಸಗಟು ವ್ಯಾಪಾರಿಗೆ ಹೇಳುತ್ತಾರೆ, ಅವರು ತಯಾರಕರಿಗೆ ಹೇಳುತ್ತಾರೆ. ಬಿಳುಪಿನ ಮಾತು ಊರಿಂದೂರಿಗೆ ಹೋದದ್ದೂ ಇದೇ ದಾರಿಯಲ್ಲಿ ಅಲ್ಲವೇ?